ಕ್ಲೌಡ್ ವ್ಯವಸ್ಥೆಯಲ್ಲಿ ಮಾಹಿತಿಯ ಸಂರಕ್ಷಣೆ: ವಾಲ್ಯೂಮ್‌ಗಳ ನಿರ್ವಹಣೆ

ದಫ್ತರಗಳಲ್ಲಿ ಇರುತ್ತಿದ್ದ ಲೆಕ್ಕಪತ್ರಗಳು ಇಂದು ದೂರದ ದತ್ತಾಂಶ ಕೇಂದ್ರಗಳಲ್ಲಿ ಸಂಗ್ರಹವಾಗುತ್ತಿವೆ. ಭಾರತ ಸರ್ಕಾರದ ‘ಮೇಘರಾಜ್’ ಉಪಕ್ರಮದ ಅಡಿಯಲ್ಲಿ ರಾಷ್ಟ್ರೀಯ ಕ್ಲೌಡ್ ಸೇವೆಯು 2014ರಲ್ಲಿ ಆರಂಭವಾಯಿತು. ಖಾಸಗಿ ಕ್ಷೇತ್ರದಲ್ಲಿ ಅಮೆಜಾನ್ ವೆಬ್ ಸರ್ವೀಸಸ್ ಸಂಸ್ಥೆಯು 2016ರಲ್ಲಿ ಮುಂಬಯಿಯಲ್ಲಿಯೂ 2022ರಲ್ಲಿ ಹೈದರಾಬಾದಿನಲ್ಲಿಯೂ ತನ್ನ ಕೇಂದ್ರಗಳನ್ನು ತೆರೆಯಿತು. ಇಂತಹ ವ್ಯವಸ್ಥೆಯಲ್ಲಿ ‘ವರ್ಚುವಲ್ ಯಂತ್ರ’ವನ್ನು ಕೆಲವೇ ನಿಮಿಷಗಳಲ್ಲಿ ಪಡೆಯಬಹುದು, ಅಷ್ಟೇ ಬೇಗ ಅಳಿಸಲೂಬಹುದು. ಹಾಗಾದರೆ ಅದರಲ್ಲಿದ್ದ ಮಾಹಿತಿಯ ಗತಿ ಏನು?

ವಾಲ್ಯೂಮ್ ಎಂದರೇನು?

ಮಾಹಿತಿಯನ್ನು ಯಂತ್ರದಿಂದ ಪ್ರತ್ಯೇಕವಾಗಿ ಇರಿಸುವ ಡಿಸ್ಕ್‌ಗೆ ‘ವಾಲ್ಯೂಮ್’ ಎಂದು ಹೆಸರು. ಇದರ ಸ್ಥಳವನ್ನು ಸಮಾನ ಗಾತ್ರದ ಖಂಡಗಳಾಗಿ ವಿಭಾಗಿಸಿರುವುದರಿಂದ ಈ ಪದ್ಧತಿಯನ್ನು ‘ಬ್ಲಾಕ್ ಸ್ಟೋರೇಜ್’ ಎನ್ನುತ್ತಾರೆ. ಯಂತ್ರಕ್ಕೆ ಅದು ತನ್ನದೇ ಡಿಸ್ಕ್‌ನಂತೆ ಕಂಡರೂ ಸಾಮಾನ್ಯವಾಗಿ ಬೇರೊಂದು ಉಪಕರಣದಲ್ಲಿದ್ದು, ಜಾಲದ ಮೂಲಕ ಜೋಡಣೆಗೊಂಡಿರುತ್ತದೆ. ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಸಂಸ್ಥೆಗಳು 2010ರಲ್ಲಿ ಆರಂಭಿಸಿದ ‘ಓಪನ್‌ಸ್ಟ್ಯಾಕ್’ ಎಂಬ ಮುಕ್ತ ತಂತ್ರಾಂಶದಲ್ಲಿ ಈ ಕಾರ್ಯವನ್ನು 2012ರಿಂದ ‘ಸಿಂಡರ್’ ಎಂಬ ವಿಭಾಗವು ನಿರ್ವಹಿಸುತ್ತಿದೆ.

ಜೋಡಣೆ

ಸಹಕಾರ ಸಂಘವೊಂದು ತನ್ನ ಸದಸ್ಯರ ಠೇವಣಿ ಲೆಕ್ಕಕ್ಕಾಗಿ 50 ಗಿಗಾಬೈಟ್ ವಾಲ್ಯೂಮ್ ಪಡೆದಿದೆ ಎಂದು ಭಾವಿಸೋಣ. ಮೊದಲು ಅದನ್ನು ಯಂತ್ರಕ್ಕೆ ಜೋಡಿಸಬೇಕು. ನಂತರ ಫಾರ್ಮ್ಯಾಟ್ ಮಾಡಿ, ಒಂದು ಕಡತಕೋಶಕ್ಕೆ ಹೊಂದಿಸಬೇಕು. ಫಾರ್ಮ್ಯಾಟ್ ಮಾಡುವುದು ಹೊಸ ವಾಲ್ಯೂಮ್‌ಗೆ ಮಾತ್ರ. ಯಂತ್ರ ಕೆಟ್ಟಾಗ ಹಳೆಯ ವಾಲ್ಯೂಮನ್ನು ಹೊಸ ಯಂತ್ರಕ್ಕೆ ಜೋಡಿಸಿದರೆ ಲೆಕ್ಕವೆಲ್ಲ ಯಥಾಸ್ಥಿತಿಯಲ್ಲಿ ದೊರೆಯುತ್ತದೆ. ಆ ಸಮಯದಲ್ಲಿ ಪುನಃ ಫಾರ್ಮ್ಯಾಟ್ ಮಾಡಿದರೆ, ಉಳಿದಿದ್ದ ಲೆಕ್ಕವೂ ಕೈತಪ್ಪುತ್ತದೆ. ಸಾಮಾನ್ಯ ಕಡತ ವ್ಯವಸ್ಥೆಯುಳ್ಳ ವಾಲ್ಯೂಮನ್ನು ಏಕಕಾಲದಲ್ಲಿ ಎರಡು ಯಂತ್ರಗಳಲ್ಲಿ ಬಳಸತಕ್ಕದ್ದಲ್ಲ.

ವಿಸ್ತರಣೆ

ಸ್ಥಳ ಸಾಲದಿದ್ದರೆ ವಾಲ್ಯೂಮನ್ನು 100 ಗಿಗಾಬೈಟ್‌ಗೆ ಹಿಗ್ಗಿಸಬಹುದು. ಆದರೆ ಅಷ್ಟರಿಂದಲೇ ಕೆಲಸ ಮುಗಿಯುವುದಿಲ್ಲ. ಯಂತ್ರದೊಳಗಿನ ಕಡತ ವ್ಯವಸ್ಥೆಯನ್ನೂ ಹಿಗ್ಗಿಸಿದಾಗಲೇ ಹೊಸ ಸ್ಥಳ ಬಳಕೆಗೆ ಬರುತ್ತದೆ. ಹಿಗ್ಗಿಸಿದ್ದನ್ನು ಮರಳಿ ಕುಗ್ಗಿಸಲು ಸಿಂಡರ್‌ನಲ್ಲಿ ಅವಕಾಶವಿಲ್ಲ. ಆದ್ದರಿಂದ ಅಗತ್ಯಕ್ಕೆ ತಕ್ಕಷ್ಟೇ ಹೆಚ್ಚಿಸುವುದು ಮಿತವ್ಯಯಕರ.

ಬೇರ್ಪಡಿಸುವಿಕೆ ಮತ್ತು ಅಳಿಸುವಿಕೆ

ಬರೆದ ಮಾಹಿತಿಯ ಒಂದು ಭಾಗ ಸ್ವಲ್ಪ ಕಾಲ ಯಂತ್ರದ ಸ್ಮೃತಿಯಲ್ಲಿಯೇ ಇರಬಹುದು. ಆದುದರಿಂದ ಕಡತಕೋಶದ ಸಂಬಂಧವನ್ನು ಮೊದಲು ಬಿಡಿಸಿ, ಆ ಬಳಿಕವೇ ವಾಲ್ಯೂಮನ್ನು ಬೇರ್ಪಡಿಸಬೇಕು. ಯಂತ್ರವನ್ನು ಅಳಿಸುವ ಮುನ್ನ, ಅದರೊಡನೆ ಯಾವ ವಾಲ್ಯೂಮ್ ಅಳಿಯುತ್ತದೆ, ಯಾವುದು ಉಳಿಯುತ್ತದೆ ಎಂಬುದನ್ನು ಪರಿಶೀಲಿಸುವುದು ಅತ್ಯವಶ್ಯ. ಅಮೆಜಾನ್ ಸೇವೆಯಲ್ಲಿ ಯಂತ್ರದ ಮೂಲ ವಾಲ್ಯೂಮ್, ಬೇರೆ ಸೂಚನೆ ನೀಡದಿದ್ದಲ್ಲಿ, ಯಂತ್ರದೊಡನೆಯೇ ಅಳಿಯುತ್ತದೆ. ಅಳಿಸದೆ ಉಳಿಸಿಕೊಂಡ ವಾಲ್ಯೂಮ್‌ಗಳಿಗೆ, ಅವು ಬಳಕೆಯಲ್ಲಿ ಇಲ್ಲದಿದ್ದರೂ, ಶುಲ್ಕ ತೆರಬೇಕಾಗುತ್ತದೆ.

ಸ್ನ್ಯಾಪ್‌ಶಾಟ್ ಮತ್ತು ಬ್ಯಾಕಪ್

ಇವೆರಡೂ ಒಂದೇ ಎಂಬ ತಪ್ಪು ಕಲ್ಪನೆ ಸಾಮಾನ್ಯವಾಗಿದೆ. ಸ್ನ್ಯಾಪ್‌ಶಾಟ್ ಎಂಬುದು ನಿರ್ದಿಷ್ಟ ಕ್ಷಣದಲ್ಲಿ ವಾಲ್ಯೂಮ್ ಇದ್ದ ಸ್ಥಿತಿಯ ಪ್ರತಿ. ಸಿಂಡರ್‌ನ ಅನೇಕ ಸ್ಥಾಪನೆಗಳಲ್ಲಿ ಇದು ಮೂಲ ವಾಲ್ಯೂಮ್ ಇರುವ ಉಪಕರಣದಲ್ಲಿಯೇ ಇರುತ್ತದೆ. ಆ ಉಪಕರಣ ಹಾಳಾದರೆ ಎರಡೂ ನಷ್ಟವಾಗುವ ಸಂಭವವಿದೆ. ಬ್ಯಾಕಪ್ ಪ್ರತಿಯನ್ನು ಬೇರೊಂದು ಸಂಗ್ರಹ ವ್ಯವಸ್ಥೆಯಲ್ಲಿ ಇರಿಸಬಹುದು. ತಂತ್ರಾಂಶವನ್ನು ಬದಲಾಯಿಸುವ ಮುನ್ನ ಸ್ನ್ಯಾಪ್‌ಶಾಟ್ ಸಾಕೆನಿಸಬಹುದು. ದೀರ್ಘಕಾಲದ ರಕ್ಷಣೆಗೆ ಬ್ಯಾಕಪ್ ಬೇಕು.

ಬ್ಯಾಕಪ್ ತೆಗೆದಿಟ್ಟರಷ್ಟೇ ಸಾಲದು. ಅದರಿಂದ ಹೊಸ ವಾಲ್ಯೂಮ್ ರಚಿಸಿ, ಲೆಕ್ಕವು ಸರಿಯಾಗಿ ತೆರೆದುಕೊಳ್ಳುವುದೇ ಎಂದು ಆಗಾಗ ಪರೀಕ್ಷಿಸಬೇಕು. ಪ್ರತಿ ವಾಲ್ಯೂಮ್‌ಗೂ ಅದರ ಉದ್ದೇಶ ತಿಳಿಸುವ ಹೆಸರಿಟ್ಟು, ಹೊಣೆಗಾರರು ಯಾರೆಂಬುದನ್ನು ದಾಖಲಿಸಬೇಕು. ಸದಸ್ಯರು ನಂಬಿ ಒಪ್ಪಿಸಿದ ಠೇವಣಿಯ ಲೆಕ್ಕ ಸುರಕ್ಷಿತವಾಗಿ ಉಳಿಯುವುದು ಈ ಎಚ್ಚರಿಕೆಯಿಂದಲೇ.