ದನಿಗಳೊಡನೆ ವಾದ ಬೇಡ

ಬಾಗೂರಿನಿಂದ ಪತ್ರ ಬರೆದ ಸಹೋದರಿಯವರಿಗೆ,

ನೆರೆಯವರು ತನ್ನನ್ನು ಬೈಯುತ್ತಿರುವರೆಂದು ಇರುಳೆಲ್ಲ ಎಚ್ಚತ್ತಿರುವ ತಮ್ಮನೊಡನೆ, ಅಂಥ ದನಿಯೇ ಇಲ್ಲವೆಂದು ವಾದಿಸಿ ವಾದಿಸಿ ನೀವು ಬಳಲಿರುವಿರಿ. ಇಂಥ ದನಿಗಳನ್ನು ಕೇಳಿಸಬಲ್ಲ ಸ್ಕಿಜೋಫ್ರೀನಿಯಾ ಎಂಬ ಮನೋರೋಗದಿಂದ ಪೀಡಿತರಾದವರಿಗೆ ಮಾತಿನ ಚಿಕಿತ್ಸೆ ವ್ಯರ್ಥವೆಂಬ ಅಭಿಪ್ರಾಯವು ಬಹುಕಾಲ ಪ್ರಬಲವಾಗಿದ್ದಿತಾದರೂ, 1952ರಲ್ಲಿಯೇ ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರು ಭ್ರಮಾಪೀಡಿತ ರೋಗಿಯೊಬ್ಬರಿಗೆ ಸಂವಾದದಿಂದ ಒದಗಿದ ಉಪಶಮನವನ್ನು ಪ್ರಕಟಪಡಿಸಿದ್ದರು. ಆ ಮಾರ್ಗದಲ್ಲಿ ಚಿಕಿತ್ಸಕರು ರೋಗಿಯ ನಂಬಿಕೆಯನ್ನು ಖಂಡಿಸುವುದಿಲ್ಲ, ಸಮರ್ಥಿಸುವುದೂ ಇಲ್ಲ. ದನಿ ಯಾವ ಹೊತ್ತಿನಲ್ಲಿ ಕೇಳಿಸುತ್ತದೆ, ಏನು ಮಾಡಿದರೆ ತಗ್ಗುತ್ತದೆ, ಆ ಅನುಭವಕ್ಕೆ ಬೇರೆ ಕಾರಣವೂ ಇದ್ದೀತೇ ಎಂಬುದನ್ನು ರೋಗಿಯೊಡಗೂಡಿ ತಾಳ್ಮೆಯಿಂದ ಶೋಧಿಸುತ್ತಾರೆ. ನೀವೂ, “ನನಗೆ ಕೇಳಿಸದು ತಮ್ಮಾ, ಆದರೆ ನಿನ್ನ ಭಯ ನನಗೆ ಅರ್ಥವಾಗುತ್ತದೆ” ಎನ್ನಿರಿ.

ಮಾತು ಔಷಧಿಯ ಸಹಚರಿ, ಬದಲಿಯಲ್ಲ. ವೈದ್ಯರನ್ನು ಕೇಳದೆ ಗುಳಿಗೆಯನ್ನು ನಿಲ್ಲಿಸಕೂಡದು. ನಿಮ್ಮೂರಿನ ಚೆನ್ನಕೇಶವನಿಗೆ ಹರಕೆ ಹೊರುವುದಕ್ಕೆ ನನ್ನ ಆಕ್ಷೇಪವಿಲ್ಲ. ಹರಕೆಗಾಗಿ ಚಿಕಿತ್ಸೆ ತಡವಾಗುವುದನ್ನು ಮಾತ್ರ ಸಹಿಸಲಾರೆ. ಹೊಸದುರ್ಗದ ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಕಾರದ ಮನೋಚೈತನ್ಯ ಯೋಜನೆಯ ಮನೋರೋಗ ತಜ್ಞರು ಬರುವ ದಿನವನ್ನು ವಿಚಾರಿಸಿರಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯ ಸಮಾಲೋಚಕರು ಹಗಲಿರುಳೂ ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡುವರು. ಪ್ರಾಣಹಾನಿ ಮಾಡಿಕೊಳ್ಳೆಂದು ದನಿಗಳು ಆಜ್ಞಾಪಿಸುತ್ತಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.