ಶೂ ಊರಿನ ಹುಡುಗ ಲೋಥರ್ ಮಥೇಯಸ್

ಈ ಸಲದ ಗೋಡೆ ಪತ್ರಿಕೆಗೆ ನಾನು ಒಬ್ಬ ಫುಟ್‌ಬಾಲ್ ಆಟಗಾರರ ಬಗ್ಗೆ ಬರೆದಿದ್ದೇನೆ. ಅವರ ಹೆಸರು ಲೋಥರ್ ಮಥೇಯಸ್. ದೇಶ ಜರ್ಮನಿ. ಅವರು ಮಿಡ್‌ಫೀಲ್ಡರ್.

ಮಿಡ್‌ಫೀಲ್ಡರ್ ಎಂದರೆ ಯಾರು?

ಫುಟ್‌ಬಾಲ್‌ನಲ್ಲಿ ಒಂದು ತಂಡಕ್ಕೆ 11 ಜನ. ಒಬ್ಬ ಗೋಲ್‌ಕೀಪರ್. ಕೆಲವರು ಹಿಂದೆ ನಿಂತು ಕಾಯುತ್ತಾರೆ, ಕೆಲವರು ಮುಂದೆ ಹೋಗಿ ಗೋಲು ಹೊಡೆಯುತ್ತಾರೆ. ಇವರ ನಡುವೆ ಇರುವವನೇ ಮಿಡ್‌ಫೀಲ್ಡರ್. ಅವನ ಕೆಲಸ ಕೆರೆಯ ನೀರುಗಂಟಿಯ ಕೆಲಸ ಇದ್ದ ಹಾಗೆ. ಯಾವ ಗದ್ದೆಗೆ ಯಾವಾಗ ನೀರು ತಿರುಗಿಸಬೇಕು ಅಂತ ನೀರುಗಂಟಿಗೆ ಗೊತ್ತಿರುತ್ತೆ. ಯಾರಿಗೆ ಯಾವಾಗ ಚೆಂಡು ಕೊಡಬೇಕು ಅಂತ ಮಿಡ್‌ಫೀಲ್ಡರ್‌ಗೆ ಗೊತ್ತಿರಬೇಕು. ಎದುರಾಳಿ ನುಗ್ಗಿದರೆ ಹಿಂದಕ್ಕೂ ಓಡಿ ಬಂದು ತಡೆಯಬೇಕು. ಅದಕ್ಕೇ ಅವನಿಗೆ ಓಟ ಜಾಸ್ತಿ.

ಬಾಲ್ಯ

ಮಥೇಯಸ್ ಅವರು 1961ನೇ ಇಸವಿ ಮಾರ್ಚ್ 21ರಂದು ಎರ್ಲಾಂಗನ್ ಎಂಬ ಊರಿನಲ್ಲಿ ಹುಟ್ಟಿದರು. ಬೆಳೆದದ್ದು ಹತ್ತಿರದ ಹೆರ್ಟ್ಸೋಗೆನೌರಾಖ್ ಎಂಬ ಸಣ್ಣ ಊರಿನಲ್ಲಿ. ಹೆಸರು ಹೇಳಲು ಕಷ್ಟ, ಆದರೆ ಊರು ಪ್ರಸಿದ್ಧ. ಅದು ಶೂಗಳ ಊರು. ಡಾಸ್ಲರ್ ಎಂಬ ಅಣ್ಣ ತಮ್ಮ ಜಗಳವಾಗಿ ಬೇರೆಯಾದ ಮೇಲೆ ಅಣ್ಣ ರುಡಾಲ್ಫ್ ಪ್ಯೂಮಾ ಕಂಪನಿ ಮಾಡಿದರು, ತಮ್ಮ ಅಡಾಲ್ಫ್ ಅಡಿಡಾಸ್ ಕಂಪನಿ ಮಾಡಿದರು. ಎರಡೂ ಅದೇ ಊರಿನಲ್ಲಿವೆ. ಮಥೇಯಸ್ ಅವರ ತಂದೆ ಪ್ಯೂಮಾದಲ್ಲಿ ಕೆಲಸಕ್ಕಿದ್ದರು. ಮಥೇಯಸ್ ಮನೆಯ ಒಳಗಡೆ ಅಲಂಕಾರ ಮಾಡುವ ಕಸುಬು ಕಲಿತರು. ಜೊತೆಗೆ ಊರ ತಂಡದಲ್ಲಿ ಫುಟ್‌ಬಾಲ್ ಆಡುತ್ತಿದ್ದರು.

ಆಟದ ಜೀವನ

1979ರಲ್ಲಿ ಬೊರುಸ್ಸಿಯಾ ಮೊನ್ಶೆನ್‌ಗ್ಲಾಡ್‌ಬಾಖ್ ಎಂಬ ದೊಡ್ಡ ತಂಡ ಸೇರಿದರು. 1984ರಲ್ಲಿ ಜರ್ಮನ್ ಕಪ್ ಫೈನಲ್ ಬಂತು. ಎದುರಾಳಿ ಬಯರ್ನ್ ಮ್ಯೂನಿಕ್. ಮುಂದಿನ ಸೀಸನ್‌ನಿಂದ ಅದೇ ಬಯರ್ನ್ ತಂಡಕ್ಕೆ ಆಡುವುದೆಂದು ಮಥೇಯಸ್ ಆಗಲೇ ಒಪ್ಪಿಕೊಂಡಿದ್ದರು. ಪಂದ್ಯ 1-1 ಸಮವಾಗಿ ಪೆನಾಲ್ಟಿಗೆ ಬಂತು. ಮಥೇಯಸ್ ಹೊಡೆದ ಚೆಂಡು ಗೋಲಿನ ಮೇಲಿಂದ ಹಾರಿ ಹೋಯಿತು. ಅವರ ತಂಡ ಸೋತಿತು. ಅಭಿಮಾನಿಗಳಿಗೆ ಎಷ್ಟು ಸಿಟ್ಟು ಬಂದಿರಬೇಡ, ಯೋಚಿಸಿ.

ಬಯರ್ನ್‌ನಲ್ಲಿ 1988ರ ತನಕ ಆಡಿ, ನಂತರ ಇಟಲಿಯ ಇಂಟರ್ ಮಿಲಾನ್‌ಗೆ ಹೋದರು. 1992ರಲ್ಲಿ ಮೊಣಕಾಲಿನ ಒಳಗಿನ ನರದಂಥ ಕಟ್ಟು ಹರಿದು ದೊಡ್ಡ ಪೆಟ್ಟಾಯಿತು. ಇನ್ನು ಮುಗಿಯಿತು ಅಂದುಕೊಳ್ಳುವ ವಯಸ್ಸು. ಆದರೆ ಅವರು ಬಯರ್ನ್‌ಗೆ ವಾಪಸ್ ಬಂದು 2000ದ ತನಕ ಆಡಿದರು. ಓಟ ಕಡಿಮೆ ಆದಾಗ ಹಿಂದಿನ ಸಾಲಿನಲ್ಲಿ ನಿಂತು ಆಡಿದರು.

ಐದು ವಿಶ್ವಕಪ್‌ಗಳಲ್ಲಿ ಆಡಿದ್ದಾರೆ: 1982, 1986, 1990, 1994, 1998. ಒಟ್ಟು 25 ಪಂದ್ಯ. ಈ ದಾಖಲೆಯನ್ನು 2022ರಲ್ಲಿ ಅರ್ಜೆಂಟೀನಾದ ಮೆಸ್ಸಿ ಮುರಿದರು. ಆದರೆ ಜರ್ಮನಿ ಪರವಾಗಿ 150 ಪಂದ್ಯ ಆಡಿದವರು ಮಥೇಯಸ್ ಒಬ್ಬರೇ.

1990ರ ಫೈನಲ್

ನಾನು ಈ ಪಾಠ ಬರೆದಿದ್ದೇ ಇದಕ್ಕಾಗಿ. ಆಗ ಜರ್ಮನಿ ಎರಡು ದೇಶವಾಗಿತ್ತು. ಪಶ್ಚಿಮ ಜರ್ಮನಿ 1982ರ ಫೈನಲ್‌ನಲ್ಲೂ 1986ರ ಫೈನಲ್‌ನಲ್ಲೂ ಸೋತಿತ್ತು. 1990ರ ಜುಲೈ 8ರಂದು ರೋಮ್ ನಗರದಲ್ಲಿ ಮತ್ತೆ ಫೈನಲ್. ಎದುರಾಳಿ ಮರಡೋನಾ ಅವರ ಅರ್ಜೆಂಟೀನಾ. ಪಶ್ಚಿಮ ಜರ್ಮನಿಗೆ ಮಥೇಯಸ್ ನಾಯಕ.

ಅರ್ಧ ಆಟದ ಹೊತ್ತಿಗೆ ಮಥೇಯಸ್ ಅವರ ಶೂ ಅಟ್ಟೆ ಮುರಿಯಿತು. ಬೇರೆ ಶೂ ಹಾಕಿಕೊಂಡರು. ಹೊಸ ಶೂ ಕಾಲಿಗೆ ಒಗ್ಗಲಿಲ್ಲ. 85ನೇ ನಿಮಿಷದಲ್ಲಿ ಪಶ್ಚಿಮ ಜರ್ಮನಿಗೆ ಪೆನಾಲ್ಟಿ ಸಿಕ್ಕಿತು. ಪೆನಾಲ್ಟಿ ಎಂದರೆ 11 ಮೀಟರ್ ದೂರದಿಂದ ಹೊಡೆಯುವುದು, ತಡೆಯಲು ಗೋಲ್‌ಕೀಪರ್ ಒಬ್ಬನೇ. ಯಾವಾಗಲೂ ಹೊಡೆಯುತ್ತಿದ್ದವರು ಮಥೇಯಸ್. ಇಡೀ ಲೋಕ ನೋಡುತ್ತಿತ್ತು. ಹೊಡೆದವನಿಗೆ ಜನ್ಮದ ಹೆಸರು. ಆದರೆ ಅವರು ಹೊಡೆಯಲಿಲ್ಲ. ಆಂಡ್ರಿಯಾಸ್ ಬ್ರೆಮೆ ಹೊಡೆದರು. ಚೆಂಡು ಕಂಬದ ಪಕ್ಕ ಒಳಗೆ ಹೋಯಿತು. 1-0. ಕಪ್ ಎತ್ತಿದ್ದು ನಾಯಕ ಮಥೇಯಸ್. ಗೋಲು ಮಾತ್ರ ಬ್ರೆಮೆಯವರದು. ಬ್ರೆಮೆ 2024ರಲ್ಲಿ ತೀರಿಕೊಂಡರು. ಅವರ ಹೆಸರು ಬಂದರೆ ಈಗಲೂ ಜನ ಆ ಗೋಲನ್ನೇ ನೆನೆಯುತ್ತಾರೆ.

ಶೂಗಳ ಊರಿನ ಹುಡುಗನಿಗೆ ಶೂ ಕೈಕೊಟ್ಟಿತು ಅಂತ ನನಗೆ ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

ಕಾರಣ ಇದು. ಹೋದ ವರ್ಷ ಹೋಬಳಿ ಕ್ರೀಡಾಕೂಟದ ರಿಲೇಯಲ್ಲಿ ಕೊನೇ ಓಟ ನನ್ನದು. ಎರಡು ದಿನ ಮುಂಚೆ ಕಾಲಿಗೆ ಜಾಲಿಮುಳ್ಳು ಚುಚ್ಚಿ ಊದಿಕೊಂಡಿತ್ತು. ಹೇಳಿದರೆ ನನ್ನ ಬದಲು ಬೇರೆಯವನನ್ನು ಓಡಿಸುತ್ತಾರೆ ಅಂತ ಯಾರಿಗೂ ಹೇಳಲಿಲ್ಲ. ಕೋಲು ನನ್ನ ಕೈಗೆ ಬಂದಾಗ ನಮ್ಮ ಶಾಲೆಯೇ ಮುಂದಿತ್ತು. ಮುಗಿದಾಗ ಮೂರನೇ ಸ್ಥಾನ. ಉಳಿದ ಮೂವರೂ "ಇರಲಿ ಬಿಡೋ" ಅಂದರು. ಅವರಿಗೆ ಮುಳ್ಳಿನ ವಿಷಯ ಇವತ್ತಿನವರೆಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತೆ.

ನಾವು ಕಲಿಯಬೇಕಾದದ್ದು

ಮಥೇಯಸ್ ಅವರಿಗೆ 1990ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಬಂತು. 1991ರಲ್ಲಿ ಫಿಫಾ ಮೊದಲ ಸಲ ಕೊಟ್ಟ ವಿಶ್ವದ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವರಿಗೇ. ಅಂದರೆ ಪೆನಾಲ್ಟಿ ಬಿಟ್ಟುಕೊಟ್ಟಿದ್ದರಿಂದ ಅವರೇನೂ ಸಣ್ಣವರಾಗಲಿಲ್ಲ. ಚೆಂಡು ಯಾರಿಗೆ ಕೊಡಬೇಕು ಅಂತ ತಿಳಿದಿರುವುದೇ ಮಿಡ್‌ಫೀಲ್ಡರ್ ಕೆಲಸ ಅಂತ ಮೇಲೆ ಬರೆದಿದ್ದೇನೆ. ಅವತ್ತೂ ಅವರು ಅದೇ ಕೆಲಸ ಮಾಡಿದರು.

ಉತ್ತರ ಹೇಳಿ ನೋಡೋಣ:
1. ಮಥೇಯಸ್ ಎಷ್ಟು ವಿಶ್ವಕಪ್‌ಗಳಲ್ಲಿ ಆಡಿದರು?
2. 1990ರ ಫೈನಲ್‌ನಲ್ಲಿ ಗೋಲು ಹೊಡೆದವರು ಯಾರು?
3. ನಿಮ್ಮ ಕಾಲಿಗೆ ಮುಳ್ಳು ಚುಚ್ಚಿದ್ದರೆ ನೀವು ಹೇಳುತ್ತಿದ್ದಿರಾ?

– 7ನೇ ತರಗತಿ ವಿದ್ಯಾರ್ಥಿ