ಭಾನುವಾರದ ಕಾರಿಗೆ ಮೊದಲು ಹಂಪ್ ಪರೀಕ್ಷೆ

ವಾರವಿಡೀ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬ್ರೇಕ್ ತುಳಿದವರಿಗೆ ಶನಿವಾರ, ಭಾನುವಾರವಾದರೂ ಖುಷಿಗೆಂದೇ ಒಂದು ಕಾರು ಬೇಕು ಅನ್ನಿಸುವುದು ಸಹಜ. ಸಂಸಾರಕ್ಕೊಂದು ಕಾರು ಮನೆಯಲ್ಲಿ ಆಗಲೇ ಇದೆ. ಇದು ಬರೀ ನಮಗೆ, ನಮ್ಮ ಖುಷಿಗೆ. ಎಡವುವುದು ಆಯ್ಕೆಯಲ್ಲಿ. 'ಇಷ್ಟು ದುಡ್ಡಿಗೆ ಅತಿ ಹೆಚ್ಚು ಬಿಎಚ್‌ಪಿ ಯಾವುದರಲ್ಲಿ ಸಿಗುತ್ತೆ ಸಾರ್?' ಎಂದು ಕೇಳುವವರೇ ಹೆಚ್ಚು. ಯೂಟ್ಯೂಬ್ ನೋಡಿ ಕೊಳ್ಳುತ್ತಾರೆ, ಒಂದೆರಡು ಸಲ ಚಿಕ್ಕಮಗಳೂರಿಗೆ ಹೋಗಿ ಬರುತ್ತಾರೆ, ಆಮೇಲೆ ಕಾರು ಬೇಸ್‌ಮೆಂಟಿನಲ್ಲಿ ಧೂಳು ತಿನ್ನುತ್ತದೆ.

ಬಿಎಚ್‌ಪಿ ಲೆಕ್ಕ ರೇಸ್ ಟ್ರ್ಯಾಕಿಗೆ ಸರಿ. ಅಷ್ಟು ವೇಗದ ಹಂಬಲವಿದ್ದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಚೆನ್ನೈ ಬಳಿ ಇರುಂಗಾಟುಕೋಟೈ ಟ್ರ್ಯಾಕ್ ಇದೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರಿಗಿರುವ ಮಿತಿ ಗಂಟೆಗೆ 100 ಕಿ.ಮೀ. ರಾಜ್ಯದ ಯಾವ ರಸ್ತೆಯಲ್ಲಾದರೂ 130 ದಾಟಿದರೆ ಎಫ್‌ಐಆರ್ ಎಂದು ಪೊಲೀಸರು 2024ರ ಆಗಸ್ಟ್‌ನಿಂದ ಹೇಳಿದ್ದಾರೆ. ಮುನ್ನೂರು ಬಿಎಚ್‌ಪಿಯ ಕಾರು ಮೂರನೇ ಗೇರಿನಲ್ಲೇ ಅದನ್ನು ಮುಟ್ಟುತ್ತದೆ. ಉಳಿದ ಗೇರುಗಳಿಗೆ ನೀವು ಕೊಟ್ಟ ದುಡ್ಡು ದಂಡ.

ಯಾವ ರಸ್ತೆ, ಎಷ್ಟು ವೇಗ

ಹಾಗಾಗಿ ಕಾರು ನೋಡುವ ಮೊದಲು ರಸ್ತೆ ತೀರ್ಮಾನ ಮಾಡಿ. ನಂದಿಬೆಟ್ಟ ಎನ್ನಬೇಡಿ. ಭಾನುವಾರ ಬೆಳಗಿನ ಜಾವ ಅಲ್ಲಿ ಕಾರು ಓಡುವುದಿಲ್ಲ, ಸಾಲಿನಲ್ಲಿ ನಿಲ್ಲುತ್ತದೆ. ನಮ್ಮಲ್ಲಿ ಕಾರಿನ ಖುಷಿ ಇರುವುದು ಚಾರ್ಮಾಡಿ, ಆಗುಂಬೆ, ಬಿಸಿಲೆಯಂಥ ಘಾಟಿಗಳಲ್ಲಿ, ಅವುಗಳಿಗೆ ಹೋಗುವ ಕಾಫಿ ತೋಟಗಳ ನಡುವಿನ ರಸ್ತೆಗಳಲ್ಲಿ. ಅಲ್ಲಿ ಖುಷಿಗೆ ವೇಗ ಎಷ್ಟು ಕಡಿಮೆ ಸಾಕು ಎನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ 56 ಕಿ.ಮೀ. ವೇಗದಲ್ಲಿ ಹೋದರೆ ನಿಮ್ಮನ್ನು ಪಕ್ಕಕ್ಕೆ ತಳ್ಳುವ ಬಲ ನಿಮ್ಮ ತೂಕದ ಅರ್ಧದಷ್ಟಾಗುತ್ತದೆ. 20 ಮೀಟರಿನ ಹೇರ್‌ಪಿನ್ನಿನಲ್ಲಿ ಅದಕ್ಕೆ 36 ಕಿ.ಮೀ. ಸಾಕು. ಪಕ್ಕದಲ್ಲಿ ಕೂತವರು ಮೇಲಿನ ಹಿಡಿ ಹಿಡಿದು, 'ಸ್ವಲ್ಪ ನಿಧಾನ' ಅನ್ನುವುದು ಆ ವೇಗಕ್ಕೇ.

ಎರಡನೇ, ಮೂರನೇ ಗೇರಿನಲ್ಲಿ, 30ರಿಂದ 70 ಕಿ.ಮೀ. ಒಳಗೆ ಯಾವ ಕಾರು ನಗು ತರಿಸುತ್ತದೋ ಅದೇ ನಿಮ್ಮ ಕಾರು. ಅದಕ್ಕೆ ಬೇಕಾದ್ದು ಕಡಿಮೆ ತೂಕ, ಕೈಗೆ ರಸ್ತೆಯ ಸುದ್ದಿ ಮುಟ್ಟಿಸುವ ಸ್ಟೀರಿಂಗ್, ಗಟ್ಟಿ ಬ್ರೇಕು. ಮ್ಯಾನುಯಲ್ ಗೇರ್ ಇದ್ದರೆ ಒಳ್ಳೆಯದು. ವಾರವಿಡೀ ಆಟೊಮ್ಯಾಟಿಕ್ ಓಡಿಸಿ ಭಾನುವಾರವೂ ಅದನ್ನೇ ಓಡಿಸುವುದರಲ್ಲಿ ಏನು ಸುಖವೋ ನನಗಂತೂ ಗೊತ್ತಿಲ್ಲ. ಇನ್ನೊಂದು ಸಂಗತಿಯನ್ನು ಯಾರೂ ನೋಡುವುದಿಲ್ಲ: ಕಾರಿನ ಅಗಲ. ಪೋಲೊ 1.68 ಮೀಟರ್, ಆಕ್ಟೇವಿಯಾ 1.81. ಎದುರಿಗೆ ಸರ್ಕಾರಿ ಬಸ್ಸು ಬಂದಾಗ ಆ ಐದಿಂಚಿನ ಬೆಲೆ ತಿಳಿಯುತ್ತದೆ.

ಹೆಸರು ಬೇಕೆಂದರೆ ಹೇಳುತ್ತೇನೆ. ಸೆಕೆಂಡ್ ಹ್ಯಾಂಡಿನಲ್ಲಿ ಮಾರುತಿ ಬಲೆನೊ ಆರ್‌ಎಸ್: 2017ರಲ್ಲಿ ಬಂದದ್ದು, 101 ಬಿಎಚ್‌ಪಿ ಅಷ್ಟೇ, ಆದರೆ ತೂಕ 950 ಕೆ.ಜಿ., ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು. ಯಾರೂ ಮೂಸದ ಕಾರು, ಅದಕ್ಕೇ ನಾನು ಮೊದಲು ಹೇಳುವುದು. ಫೋಕ್ಸ್‌ವ್ಯಾಗನ್ ಪೋಲೊದಲ್ಲಿ 2020ರ ನಂತರದ 1.0 ಟಿಎಸ್‌ಐ ಮ್ಯಾನುಯಲ್. 145 ಬಿಎಚ್‌ಪಿಯ ಫಿಯೆಟ್ ಅಬಾರ್ತ್ ಪುಂಟೊ ಸ್ವಭಾವದಲ್ಲಿ ಇವೆಲ್ಲಕ್ಕಿಂತ ತುಂಟ, ಆದರೆ ಫಿಯೆಟ್ ಇಲ್ಲಿ ಅಂಗಡಿ ಮುಚ್ಚಿ ವರ್ಷಗಳಾದವು. ಬಿಡಿಭಾಗಕ್ಕೆ ಅಲೆಯುವ ತಾಳ್ಮೆ ಇದ್ದವರಿಗಷ್ಟೇ. ಹ್ಯುಂಡೈ ಐ20 ಎನ್ ಲೈನ್ 2023ರಿಂದ ಪೂರ್ತಿ ಮ್ಯಾನುಯಲ್ ಗೇರ್‌ನಲ್ಲಿ ಸಿಗುತ್ತದೆ. ಇನ್ನೂ ಮೇಲೆ ಹೋದರೆ ಮೂರು ಬಾಗಿಲಿನ ಪೋಲೊ ಜಿಟಿಐ, ಮಿನಿ ಕೂಪರ್ ಎಸ್, 2017ರ ಆಕ್ಟೇವಿಯಾ ಆರ್‌ಎಸ್. ಅದಕ್ಕೂ ಮೇಲಿನವರಿಗೆ ಬಾಕ್ಸ್‌ಟರ್, ಕೇಮನ್. ಅವರು ಈ ಲೇಖನ ಓದಿ ಕಾರು ಕೊಳ್ಳುವವರಲ್ಲ, ಆದರೂ ಮುಂದಿನ ಭಾಗ ಅವರಿಗೇ ಹೆಚ್ಚು ಬೇಕು.

ನಡುವೆ ಒಂದು ಮಾತು. 'ತಮ್ಮ ಅಮೆರಿಕದಲ್ಲಿದ್ದಾನೆ, ಅಲ್ಲಿಂದ ಮಾಜ್ದಾ ಮಿಯಾಟಾ ತರಿಸಬಹುದಾ?' ಎಂದು ಕೇಳುವವರಿದ್ದಾರೆ. ಎಡಗಡೆ ಸ್ಟೀರಿಂಗಿನ ಬಳಸಿದ ಕಾರಿಗೆ ಆಮದು ನಿಯಮದಲ್ಲಿ ಅವಕಾಶವಿಲ್ಲ. ಬಲಗಡೆಯದಾದರೂ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸುಂಕ ಬೇರೆ. ಆಸೆ ಬಿಡಿ.

ಹಂಪ್ ಪರೀಕ್ಷೆ

ಈಗ ನಾನು ಕಾರು ಕೊಳ್ಳುವ ಎಲ್ಲರ ಜೊತೆಗೂ ಜಗಳವಾಡುವ ವಿಷಯ. ಕಂಪನಿಯ ಕೈಪಿಡಿಯಲ್ಲಿ ಗ್ರೌಂಡ್ ಕ್ಲಿಯರೆನ್ಸ್ 140 ಮಿ.ಮೀ. ಎಂದಿರುತ್ತದೆ. 'ಹಂಪ್ ಅಂದರೆ ನಾಲ್ಕಿಂಚು, ಅಂದರೆ 100 ಮಿ.ಮೀ., ಆರಾಮಾಗಿ ದಾಟುತ್ತೆ' ಎಂದು ಲೆಕ್ಕ ಹಾಕುತ್ತಾರೆ. ಲೆಕ್ಕ ತಪ್ಪುವುದು ಹಂಪಿನ ಎತ್ತರದಲ್ಲಷ್ಟೇ ಅಲ್ಲ, ಅಗಲದಲ್ಲೂ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. 17 ಮೀಟರ್ ತ್ರಿಜ್ಯದ ಮೆಲುವಾದ ಕಮಾನು. 25 ಕಿ.ಮೀ. ವೇಗದಲ್ಲಿ ದಾಟಲೆಂದು ಹಾಕಿದ ಲೆಕ್ಕ ಅದು. ಮುಂದಿನ, ಹಿಂದಿನ ಚಕ್ರಗಳ ನಡುವೆ ಎರಡೂವರೆ ಮೀಟರ್ ಇರುವ ಕಾರು ಇದರ ಮೇಲೆ ಏರಿದಾಗ ನಾಲ್ಕೂ ಚಕ್ರ ಹಂಪಿನ ಮೇಲೇ ಇರುತ್ತವೆ. ಆಗ ಕಾರಿನ ಹೊಟ್ಟೆಯ ಕೆಳಗೆ ನೆಲ ಏಳುವುದು 4.6 ಸೆಂ.ಮೀ. ಮಾತ್ರ. ಬಾಕ್ಸ್‌ಟರ್‌ನಂಥ ತಗ್ಗು ಕಾರು ಕೂಡ ಸಲೀಸಾಗಿ ದಾಟುತ್ತದೆ.

ನಿಮ್ಮೂರಿನ ದಾರಿಯಲ್ಲಿರುವುದು ಆ ಹಂಪ್ ಅಲ್ಲ. ಯಾರಿಗೋ ಅಪಘಾತವಾದ ಮಾರನೇ ದಿನ ಊರವರೇ ನಿಂತು ಹಾಕಿಸಿದ್ದು. ಎರಡಡಿ ಅಗಲ, ಅರ್ಧ ಅಡಿ ಎತ್ತರ, ಬಣ್ಣವೂ ಇಲ್ಲ. ಮುಂದಿನ ಚಕ್ರ ಅದನ್ನು ಇಳಿದ ಮೇಲೂ ಹಿಂದಿನ ಚಕ್ರ ಇನ್ನೂ ಅದರ ಈಚೆಗಿರುತ್ತದೆ. ಆಗ ಅಷ್ಟೂ 15 ಸೆಂ.ಮೀ. ನಿಮ್ಮ ಹೊಟ್ಟೆಯ ಕೆಳಗೆ. 140 ಮಿ.ಮೀ. ಕಾರು ಅಲ್ಲಿ ತಟ್ಟಲೇಬೇಕು. ನಿಯಮದ ಹಂಪಿಗೆ 10 ಸೆಂ.ಮೀ. ಸಾಕಾದರೆ ಊರ ಹಂಪಿಗೆ 17 ಬೇಕು. ಜೊತೆಗೆ, ಇಬ್ಬರು ಕೂತು, ಟ್ಯಾಂಕ್ ತುಂಬಿಸಿ, ಬ್ಯಾಗ್ ಇಟ್ಟಾಗ ಕಾರು ಇನ್ನೂ ತಗ್ಗುತ್ತದೆ. ಕೈಪಿಡಿಯ ಅಂಕಿ ಹೆಚ್ಚಾಗಿ ಖಾಲಿ ಕಾರಿನದು.

ತಟ್ಟಿದರೆ ಏನಾಗುತ್ತದೆ? ಅದೃಷ್ಟವಿದ್ದರೆ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಕಿತ್ತುಬರುತ್ತದೆ. ಇಲ್ಲದಿದ್ದರೆ ಸೈಲೆನ್ಸರ್ ಪೈಪು. ಅದೂ ಇಲ್ಲದಿದ್ದರೆ ಮೆಕ್ಯಾನಿಕ್ಕುಗಳು ಚೇಂಬರ್ ಎನ್ನುವ ಎಂಜಿನ್ ಆಯಿಲಿನ ತಟ್ಟೆ ಬಿರಿಯುತ್ತದೆ. ಆಯಿಲ್ ಲೈಟ್ ಉರಿದ ತಕ್ಷಣ ನಿಂತಲ್ಲೇ ಎಂಜಿನ್ ಆರಿಸಿ. 'ಮೂಡಿಗೆರೆವರೆಗೆ ಹೋಗಿ ತೋರಿಸೋಣ' ಎಂದು ಓಡಿಸಿದರೆ ಎಂಜಿನ್ನೇ ಹೋಗುತ್ತದೆ.

ಪರೀಕ್ಷೆ ಹೀಗೆ ಮಾಡಿ. ಅಡ್ವಾನ್ಸ್ ಕೊಡುವ ಮೊದಲು, ಇಬ್ಬರು ಕೂತು, ಟ್ಯಾಂಕ್ ತುಂಬಿಸಿ, ಕಾರನ್ನು ನಿಮ್ಮ ಬೀದಿಗೆ ತನ್ನಿ. ಮಾರುವವರು ಒಪ್ಪದಿದ್ದರೆ ಅಲ್ಲಿಗೇ ಕೈಮುಗಿದು ಬನ್ನಿ. ಅಲ್ಲಿನ ಅತಿ ಕೆಟ್ಟ ಹಂಪಿನ ಮೇಲೆ ನಡಿಗೆಯ ವೇಗದಲ್ಲಿ ದಾಟಿಸಿ. ಒಬ್ಬರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಾರಿನ ಅಡಿಗೆ ನೋಡಲಿ. ಹಂಪಿನ ತಲೆಗೂ ಕಾರಿನ ಹೊಟ್ಟೆಗೂ ನಡುವೆ ಆಚೆಯ ಬೆಳಕು ಪೂರ್ತಿ ಕಾಣಬೇಕು. ಎರಡು ಬೆರಳಷ್ಟಾದರೂ ಇದ್ದರೆ ಪಾಸು. ಓರೆಯಾಗಿ ಹತ್ತಿಸಿದರೆ ಒಂದೊಂದೇ ಚಕ್ರ ಏರುವುದರಿಂದ ಸ್ವಲ್ಪ ಹೆಚ್ಚು ಜಾಗ ಸಿಗುತ್ತದೆ ನಿಜ. ಆದರೆ ಕಿರಿದಾದ ರಸ್ತೆಯಲ್ಲಿ, ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿರುವಾಗ ಓರೆ ಮಾಡಲು ಜಾಗ ಎಲ್ಲಿರುತ್ತದೆ? ಇನ್ನೊಂದು, ಹಂಪಿನ ಮೇಲೆ ಬ್ರೇಕ್ ಹಿಡಿದಿರಬೇಡಿ. ಬ್ರೇಕಿಗೆ ಮೂತಿ ತಗ್ಗುತ್ತದೆ, ಇಳಿಯುವಾಗ ಮೊದಲು ತಟ್ಟುವುದು ಅದೇ. ಹತ್ತುವ ಮುಂಚೆಯೇ ನಿಧಾನಿಸಿ, ಹತ್ತುವಾಗ ಪೆಡಲ್ ಬಿಡಿ.

ಆಮೇಲೆ ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರು. ಇದನ್ನು ಮರೆತು ಕಾರು ತಂದು, ಬೀದಿಯಲ್ಲೇ ನಿಲ್ಲಿಸುವವರನ್ನು ನೋಡಿದ್ದೇನೆ. ಎಂಟಡಿಗೆ ಒಂದಡಿ ಏರುವ ರ‍್ಯಾಂಪ್ ಎಂದುಕೊಳ್ಳಿ. ಮುಂದಿನ ಚಕ್ರ ರ‍್ಯಾಂಪಿನ ಬುಡದಲ್ಲಿದ್ದಾಗ, ಬಂಪರ್ ಚಕ್ರಕ್ಕಿಂತ 90 ಸೆಂ.ಮೀ. ಮುಂದಿದ್ದರೆ, ಅಲ್ಲಿ ನೆಲ 11 ಸೆಂ.ಮೀ. ಎದ್ದಿರುತ್ತದೆ. ಬಂಪರಿನ ತುಟಿ ಅದಕ್ಕಿಂತ ತಗ್ಗಿದ್ದರೆ ದಿನಾ ಉಜ್ಜುತ್ತದೆ. ಟೇಪ್ ಹಿಡಿದು ಎರಡೂ ಅಳೆಯಿರಿ, ಐದು ನಿಮಿಷದ ಕೆಲಸ. ಹಿಂದಿನ ಮಾಲೀಕರು ಕಾರು ತಗ್ಗಿಸುವ ಸ್ಪ್ರಿಂಗ್ ಹಾಕಿಸಿದ್ದರೆ ಆ ಕಾರು ಬೇಡವೇ ಬೇಡ.

ಟೈರು, ಸ್ಟೆಪ್ನಿ

ಹಂಪಿಗೂ ಟೈರಿಗೂ ನೆಂಟಸ್ತಿಕೆ ಇದೆ. 225/40 ಆರ್18 ಎಂದು ಬರೆದ ಟೈರಿನಲ್ಲಿ ರಿಮ್ಮಿನಿಂದ ನೆಲಕ್ಕೆ ರಬ್ಬರಿನ ಎತ್ತರ 90 ಮಿ.ಮೀ. 195/55 ಆರ್16ರಲ್ಲಿ 107. ಗುಂಡಿಗೆ ಬಿದ್ದಾಗ ರಿಮ್ ಉಳಿಸುವುದು ಆ 17 ಮಿ.ಮೀ. ಎರಡು ಸೈಜಿನ ಆಯ್ಕೆ ಇದ್ದರೆ ಚಿಕ್ಕ ರಿಮ್ ತೆಗೆದುಕೊಳ್ಳಿ, ನೋಡಲು ಮಂಕಾದರೂ ಸರಿ. ಡಿಕ್ಕಿ ತೆಗೆದು ಸ್ಟೆಪ್ನಿ ಇದೆಯೇ ನೋಡಿ. ಎಷ್ಟೋ ಸ್ಪೋರ್ಟ್ಸ್ ಕಾರುಗಳಲ್ಲಿ ಅದರ ಬದಲು ಅಂಟಿನ ಬಾಟಲಿ, ಪುಟ್ಟ ಪಂಪು ಇರುತ್ತದೆ. ಮೊಳೆ ಚುಚ್ಚಿದರೆ ಅಂಟು ಸಾಕು, ಟೈರಿನ ಪಕ್ಕ ಸೀಳಿದರೆ ಏನೂ ಆಗದು. ಕೊಟ್ಟಿಗೆಹಾರದ ಪಂಕ್ಚರ್ ಅಂಗಡಿಯಲ್ಲಿ 18 ಇಂಚಿನ ಟೈರ್ ಸಿಗುವುದಿಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಹೆಚ್ಚು ಓಡದ ಕಾರಿನ ಟೈರಿನಲ್ಲಿ ಗೆರೆಗಳು ಹೊಸದರಂತೆ ಆಳವಾಗಿರುತ್ತವೆ, ರಬ್ಬರು ಮಾತ್ರ ಗಟ್ಟಿಯಾಗಿರುತ್ತದೆ. ಮಳೆಗಾಲದ ಘಾಟಿಯಲ್ಲಿ ಅದು ಹಿಡಿಯುವುದಿಲ್ಲ. ಆರು ವರ್ಷ ದಾಟಿದ್ದರೆ ನಾಲ್ಕು ಟೈರಿನ ಬೆಲೆ ಕಳೆದು ಮಾತಾಡಿ.

ಹಳೆ ಕಾರು ನೋಡುವಾಗ

ಸರ್ವೀಸ್ ದಾಖಲೆ, ಸ್ಕ್ಯಾನರ್ ತಪಾಸಣೆ ಇವೆಲ್ಲ ಗೊತ್ತಿರುವುದೇ, ನಂಬಿಕೆಯ ಮೆಕ್ಯಾನಿಕ್ಕಿಗೆ ಬಿಡಿ. ಎರಡೇ ಮಾತು. ನೀವು ಹೋಗುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಹೇಳಿಟ್ಟು, ಹೋದ ತಕ್ಷಣ ಬಾನೆಟ್ಟಿನ ಮೇಲೆ ಅಂಗೈ ಇಡಿ. ಬಿಸಿಯಾಗಿದ್ದರೆ ತಣ್ಣಗಿದ್ದಾಗ ಬರುವ ಯಾವುದೋ ಸದ್ದನ್ನು ಮುಚ್ಚಿಟ್ಟಿರಬಹುದು. ಆಮೇಲೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಒಣಮಣ್ಣಿನ ಗೆರೆ ಕಂಡರೆ ಅದು ಪ್ರವಾಹದಲ್ಲಿ ಮುಳುಗೆದ್ದ ಕಾರು. ಸೀಟು ತೊಳೆಯುತ್ತಾರೆ, ಕಾರ್ಪೆಟ್ ಬದಲಿಸುತ್ತಾರೆ, ಬೆಲ್ಟಿನ ಆ ತುದಿಯನ್ನು ಹೆಚ್ಚಿನವರು ಮರೆತಿರುತ್ತಾರೆ. ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಆದರೆ ಏರಿನಲ್ಲಿ ತೆವಳಿಸಿ ನೋಡಿ, ನಡುಗಿದರೆ ಬಿಡಿ.

ದೆಹಲಿ ಕಾರಿನ ಅಗ್ಗ

ದೆಹಲಿಯಲ್ಲಿ ಡೀಸೆಲ್ ಕಾರಿಗೆ 10, ಪೆಟ್ರೋಲಿಗೆ 15 ವರ್ಷದ ಮಿತಿ ಹಾಕಿದ್ದರಿಂದ ಅಲ್ಲಿನ ಹಳೆ ಸ್ಪೋರ್ಟ್ಸ್ ಕಾರುಗಳು ಅಗ್ಗ. ಆ ಬೆಲೆ ನೋಡಿ ಮರುಳಾಗುವ ಮೊದಲು ಇಲ್ಲಿನ ತೆರಿಗೆ ಕೂಡಿಸಿ. ಹೊರರಾಜ್ಯದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟರೆ ಮರುನೋಂದಣಿ ಕಡ್ಡಾಯ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಇಲ್ಲಿ ಜೀವಿತಾವಧಿ ತೆರಿಗೆ ಕಟ್ಟಬೇಕು. 20 ಲಕ್ಷ ರೂಪಾಯಿ ಮೀರಿದ ಹೊಸ ಕಾರಿಗೆ ನಮ್ಮಲ್ಲಿ ಅದು ಶೇ 18, ಮೇಲೆ ಸೆಸ್. ಹಳೆಯದಕ್ಕೆ ವಯಸ್ಸು ನೋಡಿ ಕಡಿಮೆಯಾಗುತ್ತದೆ. ಲೆಕ್ಕವನ್ನು ನಿಮ್ಮ ಆರ್‌ಟಿಒದಲ್ಲೇ ಕೇಳಿ, ಡೀಲರ್ ಹೇಳಿದ್ದನ್ನು ನಂಬಬೇಡಿ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಓಡುತ್ತಿದ್ದ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದರಿಂದ ಸಾರಿಗೆ ಇಲಾಖೆ 1.41 ಕೋಟಿ ರೂಪಾಯಿ ವಸೂಲಿ ಮಾಡಿತು.

ಜಾಗ ಮುಗಿಯಿತು, ಉಳಿದದ್ದು ಚುಟುಕಾಗಿ. ವಿಮೆಯಲ್ಲಿ ಎಂಜಿನ್ ರಕ್ಷಣೆಯ ಸೇರ್ಪಡೆ ಇರಲಿ, ಚೇಂಬರಿನ ಕಥೆ ಮೇಲೆ ಹೇಳಿದ್ದೇನೆ. ಸೈಲೆನ್ಸರ್ ಬದಲಿಸಬೇಡಿ, ಕಂಪನಿ ಕೊಟ್ಟ ರೂಪ ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ವಿಮೆಯವರಿಗೂ ಅದು ಒಳ್ಳೆಯ ನೆಪ. ವಾರಗಟ್ಟಲೆ ನಿಲ್ಲುವ ಕಾರಾದರೆ ಬ್ಯಾಟರಿಗೆ ಟ್ರಿಕಲ್ ಚಾರ್ಜರ್ ಹಾಕಿ. ಎಥೆನಾಲ್ ಬೆರೆತ ಪೆಟ್ರೋಲ್ ತೇವ ಹೀರುವುದರಿಂದ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬೇಡಿ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರೆ ಅಂಟಿಕೊಳ್ಳುತ್ತದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.